ವೈಜಾಪುರ ದಾಟಿದರೂ ಆರದ ರೊಟ್ಟಿ

ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡುವ ಅಭ್ಯಾಸ ನನಗಿರಲಿಲ್ಲ. ತೆರೆದಿಟ್ಟ ಹತ್ತಾರು ಫೈಲುಗಳನ್ನು ಮತ್ತೆ ಹುಡುಕುತ್ತ ಕೂರುವುದೆಂದರೆ ತಲೆನೋವು. ಮುಚ್ಚಳ ಟಪ್ಪೆಂದು ಮುಚ್ಚಿ ಬ್ಯಾಗಿಗೆ ತುರುಕಿದರೆ ಮುಗಿಯಿತು. ನನ್ನ ಈ ಸೋಮಾರಿತನದ ಮೇಲೆ ನಮ್ಮ ಮನೆಯ ಅತ್ತೆ ಸೊಸೆಯ ಸಂಬಂಧ ಒಂದೂವರೆ ವರ್ಷ ನಿಂತಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ.

ನನ್ನ ಕೆಲಸ ವಾಳೂಜಿನ ಕಾರ್ಖಾನೆಯೊಂದರಲ್ಲಿ, ಮನೆ ಹತ್ತಿರದ ಸಂಭಾಜಿನಗರದಲ್ಲಿ. ಬಿಡಿಭಾಗಗಳ ತಪಾಸಣೆಗೆಂದು ವಾರಕ್ಕೊಮ್ಮೆ ನಾಸಿಕ್‌ಗೆ ಹೋಗುತ್ತೇನೆ. ಅಲ್ಲಿ ನಾಸಿಕ್ ರೋಡ್ ಎಂಬ ಬಡಾವಣೆಯಲ್ಲಿ ಅಣ್ಣನ ಮನೆ. ಅವ್ವ ಅವನ ಜೊತೆ ಇದ್ದಾಳೆ. ಬಾಗಲಕೋಟೆ ಕಡೆಯಿಂದ ಬಂದು ಮೂವತ್ತು ವರ್ಷವಾದರೂ ಜೋಳದ ರೊಟ್ಟಿ ಬಡಿಯುವುದನ್ನು ಒಂದು ದಿನ ಬಿಟ್ಟವಳಲ್ಲ.

ನಾನು ಮರಾಠಿ ಹುಡುಗಿಯನ್ನು ಮದುವೆಯಾದೆ. ಅವ್ವ ಬೇಡ ಅನ್ನಲಿಲ್ಲ. ಮದುವೆಗೆ ಬಂದಳು, ಅಕ್ಷತೆ ಹಾಕಿದಳು. ನಮ್ಮ ಮನೆಗೆ ಮಾತ್ರ ಬರಲಿಲ್ಲ. ಕರೆದಾಗಲೆಲ್ಲ ಒಂದೇ ಉತ್ತರ: "ಅಲ್ಲಿ ನನ್ನ ಮಾತು ಯಾರಿಗೆ ತಿಳೀತೈತಿ?" ನಾಸಿಕ್‌ನ ಸಂತೆಯಲ್ಲಿ ಮರಾಠಿಯಲ್ಲೇ ಜಗಳಾಡಿ ಬದನೆಕಾಯಿ ತರುವವಳ ಮಾತಿದು! ನನಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು.

ಆದರೆ ರೊಟ್ಟಿ ಬರುತ್ತಿತ್ತು. ಮಧ್ಯಾಹ್ನ ಅವ್ವನ ಕೈಯಡುಗೆ ಉಂಡು, ಅಲ್ಲೇ ಕೂತು ರಿಪೋರ್ಟ್ ಬರೆದು, ಬಸ್ಸಿಗೆ ಹೊತ್ತಾಯಿತೆಂದು ಲ್ಯಾಪ್‌ಟಾಪ್ ತುರುಕುವಷ್ಟರಲ್ಲಿ ಅವಳು ಹಳೆಯ ಸೀರೆಯ ತುಂಡಿನಲ್ಲಿ ರೊಟ್ಟಿಗಳನ್ನು ಬಿಗಿಯಾಗಿ ಕಟ್ಟಿ ಅದರ ಪಕ್ಕಕ್ಕೇ ಇಡುತ್ತಿದ್ದಳು. ವೈಜಾಪುರದ ಮೇಲೆ ಹಾಯ್ದು ನಾಲ್ಕೈದು ತಾಸಿನ ದಾರಿ. ಸಂಜೆ ಮನೆಯಲ್ಲಿ ಗಂಟು ಬಿಚ್ಚಿದರೆ ರೊಟ್ಟಿ ಇನ್ನೂ ಬೆಚ್ಚಗೆ. ಹೆಂಡತಿ ತಕ್ಷಣ ಅವ್ವನಿಗೆ ಫೋನ್ ಮಾಡುತ್ತಿದ್ದಳು. ಅವಳಿಗೆ ಬರುತ್ತಿದ್ದ ಕನ್ನಡ ಹೆಚ್ಚುಕಡಿಮೆ ಅಷ್ಟೇ: "ಆಯಿ, ರೊಟ್ಟಿ ಗರಮ್ ಅದಾವ್ರಿ!"

ಅವ್ವ ಉಬ್ಬಿಹೋಗುತ್ತಿದ್ದಳು. "ನಾ ಕಟ್ಟಿದ ಗಂಟು ಅದು. ವೈಜಾಪುರ ದಾಟಿದ್ರೂ ಆರೂದಿಲ್ಲ," ಎಂದು ಮುಂದಿನ ವಾರ ನನ್ನೆದುರು ಕೊಚ್ಚಿಕೊಳ್ಳುತ್ತಿದ್ದಳು. ಅವರಿಬ್ಬರ ನಡುವೆ ಇದ್ದದ್ದು ಆ ಒಂದು ಮಾತು, ಅದೂ ವಾರಕ್ಕೊಮ್ಮೆ.

ಈ ಬೇಸಿಗೆಯಲ್ಲಿ ಒಂದು ದಿನ ಬಸ್ಸು ವೈಜಾಪುರದಲ್ಲಿ ನಿಂತಾಗ, ನೀರಿನ ಬಾಟಲಿಗೆಂದು ಬ್ಯಾಗಿಗೆ ಕೈಹಾಕಿದವನು ಚಟ್ಟನೆ ಹಿಂತೆಗೆದೆ. ಲ್ಯಾಪ್‌ಟಾಪ್ ಕಾದ ಹಂಚಾಗಿತ್ತು. ಒಳಗೆ ಫ್ಯಾನು ಬುಸುಗುಡುತ್ತಿತ್ತು. ಮರುದಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ತಳ ಬಿಚ್ಚಿ ತೋರಿಸಿದ. ಬ್ಯಾಟರಿ ಉಬ್ಬಿತ್ತು. ಮುಚ್ಚಳ ಮುಚ್ಚಿದ ಮಾತ್ರಕ್ಕೆ ಇದು ಮಲಗುವುದಿಲ್ಲ, ಪೂರ್ತಿ ಆಫ್ ಮಾಡು, ಮೈ ಆರಿದ ಮೇಲೆ ಬ್ಯಾಗಿಗೆ ಹಾಕು, ಗಾಳಿಯಾಡದಂತೆ ಪಕ್ಕದಲ್ಲಿ ಬಟ್ಟೆ ತುರುಕಬೇಡ, ಬಸ್ಸಲ್ಲೇ ಹೊತ್ತಿಕೊಂಡೀತು ಎಂದು ಬೈದ. ಬಟ್ಟೆ ಎಂದ ಕೂಡಲೇ ಅವ್ವನ ಗಂಟು ನೆನಪಾಯಿತು. ಇಷ್ಟು ದಿನ ರೊಟ್ಟಿಯನ್ನು ಬೆಚ್ಚಗಿಟ್ಟದ್ದು ಯಾವುದೆಂದು ಆಗ ಹೊಳೆಯಿತು. ಮೊದಲು ನಗು ಬಂತು, ಆಮೇಲೆ ಇನ್ನು ಫೋನಿನಲ್ಲಿ ಹೆಂಡತಿ ಅವ್ವನಿಗೆ ಏನು ಹೇಳಿಯಾಳು ಎಂಬ ಯೋಚನೆ ಹತ್ತಿತು.

ಬ್ಯಾಟರಿ ಬದಲಾಯಿಸಿಕೊಂಡು ಮುಂದಿನ ವಾರ ಅವನು ಹೇಳಿದಂತೆಯೇ ಮಾಡಿದೆ. ಅರ್ಧ ತಾಸು ಮೊದಲೇ ಆಫ್ ಮಾಡಿ ಅಣ್ಣನ ಮನೆಯ ಬರಿ ನೆಲದ ಮೇಲೆ ಆರಲು ಇಟ್ಟೆ. ರೊಟ್ಟಿಗೆ ಬೇರೆ ಚೀಲ. ಸಂಜೆ ರೊಟ್ಟಿ ತಣ್ಣಗಾಗಿತ್ತು. ಹೆಂಡತಿಗೆ ಎಲ್ಲ ಹೇಳಿ, ಬಿಸಿ ಇದೆ ಅಂತಲೇ ಹೇಳಿಬಿಡು ಎಂದು ಬೇಡಿಕೊಂಡೆ. ಆ ಒಂದು ಮಾತೂ ಹೋದರೆ ಅವ್ವ ಈ ಮನೆಗೆ ಎಂದಿಗೂ ಬರಲಿಕ್ಕಿಲ್ಲವೆಂಬ ಹೆದರಿಕೆ ನನಗೆ. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿ ಫೋನ್ ಎತ್ತಿ ಸ್ಪೀಕರಿಗೆ ಹಾಕಿದಳು.

"ಆಯಿ, ರೊಟ್ಟಿ ಥಂಡಿ ಅದಾವ್ರಿ."

ಇವಳು ಮರಾಠಿಗೆ ಹೊರಳಿ ಲ್ಯಾಪ್‌ಟಾಪಿನ ಕಥೆಯನ್ನೆಲ್ಲ ಒದರಿದಳು. ಕೊನೆಗೆ ಕನ್ನಡಕ್ಕೆ ತಡಕಾಡುತ್ತ, "ನನಗ ಗರಮ್ ರೊಟ್ಟಿ ಬೇಕ್ರಿ. ನೀವ ಬರ್ರಿ," ಎಂದಳು.

ಅವ್ವ ಕೇಳಿದಳು: "ಮನ್ಯಾಗ ಜ್ವಾಳದ ಹಿಟ್ಟು ಐತೇನು?"

"ಇಲ್ರಿ."

"ಇರಲಿ ಬಿಡವಾ. ನಾನೇ ತರ್ತೀನಿ."

ಮರುವಾರ ಅವ್ವ ಹಿಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದಳು. ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿದಳು, ಸೊಸೆ ಒಲೆಯ ಪಕ್ಕದಲ್ಲೇ ನಿಂತು ತಿಂದಳು. ನಾನು ಹೊರಗಿನ ಕೋಣೆಯಲ್ಲೇ ಕೂತುಬಿಟ್ಟೆ. ಒಳಗೆ ಹೋದರೆ ಅತ್ತುಬಿಡುತ್ತೇನೆಂದು ಗೊತ್ತಿತ್ತು.