ಸಾಕು ಎನ್ನುವ ಸಂಕೇತ

ನನ್ನ ತಮ್ಮ ಚಿಕ್ಕೋಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಒಮ್ಮೆ ನಾವಿಬ್ಬರೂ ಯಡೂರಿನ ಹೊಳೆದಂಡೆಯಲ್ಲಿದ್ದಾಗ ಮೀನುಗಾರನೊಬ್ಬ ಮೀನಿನ ತಲೆಯನ್ನು ಕಲ್ಲಿಗೆ ಅಪ್ಪಳಿಸಿದ. ತಲೆ ಜಜ್ಜಿಹೋದರೂ ಕಿವಿರು ಬಡಿದುಕೊಳ್ಳುತ್ತಲೇ ಇತ್ತು.

“ಇನ್ನೂ ಜೀವ ಐತೇನೋ?” ಎಂದೆ.

“ಅಕ್ಕಾ, ದವಡೆ ಇಲ್ಲದ ಆದಿಕಾಲದ ಮೀನಿನ ಮಿದುಳೂ ಉಸಿರಿಗೆ ನಡುನಡುವೆ ‘ಸಾಕು’ ಅಂತೈತಿ. ಅದರಿಂದನ ಉಸಿರಿಗೆ ಹದ. ಆ ತಡೆ ತಗದ್ರ ಉಸಿರು ನಿಲ್ಲೂದಿಲ್ಲ, ಹುಚ್ಚೆದ್ದು ಓಡತೈತಿ. ಅದು ಜೀವ ಉಳಿಯೂ ಲಕ್ಷಣ ಅಲ್ಲ.”

“ಇಲ್ಲೂ ಪಾಠ ಶುರು ಮಾಡಿದಿ?” ಎಂದು ನಕ್ಕಿದ್ದೆ.

ಈ ವರ್ಷ ಕಬ್ಬಿನ ಟ್ರ್ಯಾಕ್ಟರ್ ಅವನ ಬೈಕಿಗೆ ಗುದ್ದಿ ತಲೆ ಒಡೆಯಿತು. ಆಸ್ಪತ್ರೆಯಲ್ಲಿ ಅವನ ಎದೆ ಲಂಗುಲಗಾಮಿಲ್ಲದೆ ಏರಿಳಿಯುತ್ತಿತ್ತು.

“ಉಸಿರು ಜೋರ್ ಐತಿ, ಉಳಿತಾನ,” ಎಂದರು ಸೋದರಮಾವ.

ನನಗೆ ಆ ಮೀನು ನೆನಪಾಯಿತು. ಅವನ ಎದೆಯ ಮೇಲೆ ಕೈಯಿಟ್ಟು, ಅವನ ಮಿದುಳು ಹೇಳಲಾರದ್ದನ್ನು ನಾನೇ ಹೇಳಿದೆ: “ಸಾಕು, ತಮ್ಮಾ.”