ಬಸವನ ಬಿಲ್ಲೆಯ ಮೇಲಿನ ಏಟು

ಬಸವೇಶ ತೀರಿಕೊಂಡ. ಗುರುವಾರ ಮಧ್ಯಾಹ್ನ, ದಂಡಿಗನಹಳ್ಳಿಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಚನ್ನರಾಯಪಟ್ಟಣದ ಬಸ್ಸಿಗೆ ಕಾಯುತ್ತಿದ್ದಾಗ. ವಯಸ್ಸು ಅರವತ್ತೊಂದು. ಹೃದಯ ನಿಂತಿತು ಎಂದರು. ಪಕ್ಕದಲ್ಲಿದ್ದವರು ತೂಕಡಿಸುತ್ತಿದ್ದಾನೆ ಎಂದುಕೊಂಡು, ಬಸ್ಸು ಬಂದಾಗ ಭುಜ ತಟ್ಟಿ ಎಬ್ಬಿಸಲು ನೋಡಿದರಂತೆ.

ಹಾಸನದಲ್ಲಿದ್ದ ಗೆಳೆಯ ಶಾಂತರಾಜುವಿಗೆ ಫೋನು ಬಂದದ್ದು ಎರಡು ಗಂಟೆಗೆ. ಮಾಡಿದವರು ಬಸವೇಶನ ಹೆಂಡತಿ ನೀಲಾಂಬಿಕೆ. ಅವನು ಸರಿ ಎಂದ. ಫೋನಿಟ್ಟ. ಒಲೆಯ ಮೇಲಿದ್ದ ಸಾರು ಇಳಿಸಿದ, ಅನ್ನ ಬಡಿಸಿಕೊಂಡು ಊಟ ಮಾಡಿದ, ತಟ್ಟೆ ತೊಳೆದಿಟ್ಟ. ಆಮೇಲೆ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ಆ ಊಟವನ್ನು ಹೇಗೆ ಮಾಡಿದೆನೆಂದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ಅವರ ಹೊಲದಲ್ಲೇ ಸಮಾಧಿಯಾಯಿತು. ಬಸವೇಶನನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಸುತ್ತ ವಿಭೂತಿ ತುಂಬಿದರು. ಶಾಂತರಾಜುವೂ ಬೊಗಸೆ ವಿಭೂತಿ ಹಾಕಿದ. ಅಳು ಬರಲಿಲ್ಲ. ಕೈಯನ್ನು ಪಂಚೆಗೆ ಒರೆಸಿಕೊಂಡ. ವ್ಯಾಪಾರದ ದಿನ ಬಸವೇಶ ತನ್ನ ಬೆಳ್ಳಿ ಅಂಗಡಿ ಬಿಟ್ಟು ದಂಡಿಗನಹಳ್ಳಿಗೆ ಯಾಕೆ ಹೋಗಿದ್ದ ಎಂದು ಬಂದವರೆಲ್ಲ ಕೇಳುತ್ತಿದ್ದರು. ನೀಲಾಂಬಿಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಶಾಂತರಾಜು ಒಬ್ಬನೇ. ಅವನು ಬಾಯಿ ಬಿಡಲಿಲ್ಲ.

ಇಬ್ಬರೂ ಚನ್ನರಾಯಪಟ್ಟಣದಲ್ಲಿ ಪಿಯುಸಿಯವರೆಗೆ ಒಂದೇ ಬೆಂಚು. ಶಾಂತರಾಜು ಓದಿ ಹಾಸನದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾದ, ಅಲ್ಲೇ ನಿವೃತ್ತನಾದ. ಬಸವೇಶ ಅಪ್ಪ ಚಂದ್ರಶೇಖರಯ್ಯನವರ ಬೆಳ್ಳಿ ಅಂಗಡಿಯಲ್ಲಿ ಕೂತ. ಸುತ್ತಲಿನ ಹಳ್ಳಿಯವರು ಹಳೆಯ ಕಡಗ, ಉಡಿದಾರ, ತುಂಡಾದ ಕಾಲ್ಚೈನು ತಂದುಕೊಟ್ಟು ಹೊಸದು ಮಾಡಿಸಿಕೊಂಡು ಹೋಗುವ ಅಂಗಡಿ. ಭಾನುವಾರ ಬಸವೇಶ ಹಾಸನಕ್ಕೆ ಬರುತ್ತಿದ್ದ, ಒಂದು ಪುಸ್ತಕ ಹಿಂತಿರುಗಿಸಿ ಇನ್ನೊಂದು ಒಯ್ಯುತ್ತಿದ್ದ. ಅವನು ಓದಿದ ಪುಸ್ತಕ ಯಾವುದೆಂದು ಕೇಳಬೇಕಾಗಿರಲಿಲ್ಲ. ಹಾಳೆಯ ಅಂಚಿನಲ್ಲಿ ಕುಲುಮೆಯ ಮಸಿಯ ಹೆಬ್ಬೆರಳ ಗುರುತು ಇರುತ್ತಿತ್ತು.

ಅಂಗಡಿಯಲ್ಲಿ ಚಂದ್ರಶೇಖರಯ್ಯನವರ ಕಾಲದಿಂದ ನಡೆದುಬಂದ ಒಂದು ಕಟ್ಟಳೆ ಇತ್ತು. ದೇವರ ರೂಪ ಇರುವ ಬೆಳ್ಳಿಯನ್ನು ಹಾಗೆಯೇ ಕರಗಿಸುವ ಮೂಸೆಗೆ ಹಾಕುವಂತಿಲ್ಲ. ಲಕ್ಷ್ಮಿಯ ಪದಕವಾಗಲಿ, ನಾಗರ ಬಿಲ್ಲೆಯಾಗಲಿ, ಮೊದಲು ವಿಭೂತಿ ಹಚ್ಚಬೇಕು, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೂರು ಏಟು ಹೊಡೆಯಬೇಕು. ಮುಖ ಮಾಸಿದ ಮೇಲೆ ಅದು ದೇವರಲ್ಲ, ಬರೀ ಬೆಳ್ಳಿ. ಆಗ ಬೆಂಕಿಗೆ ಹಾಕಿದರೆ ದೋಷವಿಲ್ಲ. ಬಸವೇಶ ಮೂವತ್ತೈದು ವರ್ಷ ಇದನ್ನು ತಪ್ಪಿಸಿದವನಲ್ಲ.

ಕಳೆದ ಆಷಾಢದಲ್ಲಿ ದಂಡಿಗನಹಳ್ಳಿಯ ಕಾಮಾಕ್ಷಮ್ಮ ಅಂಗಡಿಗೆ ಬಂದರು. ಎಪ್ಪತ್ತು ದಾಟಿದ ಹೆಂಗಸು, ಗಂಡ ರಾಮಣ್ಣ ತೀರಿಕೊಂಡು ಆರು ತಿಂಗಳಾಗಿತ್ತು. ಗಂಡನ ಉಡಿದಾರ ಕರಗಿಸಿ ಮೊಮ್ಮಗಳು ಸ್ನೇಹಲತಾಳ ಮಗುವಿಗೆ ಕಾಲುಗೆಜ್ಜೆ ಮಾಡಿಕೊಡಬೇಕು ಎಂದರು. ಉಡಿದಾರಕ್ಕೆ ತಂತಿ ಸುತ್ತಿ ನೇತುಹಾಕಿದ್ದ ಒಂದು ಸಣ್ಣ ಚೌಕ ಬಿಲ್ಲೆ ಇತ್ತು, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ರಾಮಣ್ಣನ ತಾತನ ಕಾಲದಿಂದ ಇದ್ದದ್ದು, ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಮನೆಯವರು ಅದನ್ನು ಬಸವನ ಬಿಲ್ಲೆ ಎನ್ನುತ್ತಿದ್ದರು. ಅದನ್ನೂ ಸೇರಿಸಿ ಕರಗಿಸಿಬಿಡಿ ಎಂದು ಹೇಳಿ ಕಾಮಾಕ್ಷಮ್ಮ ಬಟ್ಟೆ ಅಂಗಡಿಗೆ ಹೋದರು.

ಬಸವೇಶ ತಂತಿ ಬಿಡಿಸಿದ. ಬಿಲ್ಲೆಯ ಮೇಲೆ ಮಾಸಿದ ಗೀರುಗಳ ನಡುವೆ, ಹೆಗಲ ಮೇಲೆ ಹಿಣಿಲಿನ ಡುಬ್ಬ ಎದ್ದ ಒಂದು ಎತ್ತು ನಿಂತಿತ್ತು. ಬಸವಣ್ಣನೇ ಸರಿ. ವಿಭೂತಿ ಹಚ್ಚಿದ, ಅಡಿಗಲ್ಲಿನ ಮೇಲಿಟ್ಟ, ಒಂದು ಏಟು ಹೊಡೆದ. ಬಿಲ್ಲೆ ಎಗರಿ ಮಗುಚಿ ಬಿತ್ತು. ಅಡಿಯ ಮುಖದಲ್ಲಿ ಒಂದು ಆನೆ. ಆನೆಯ ಸುತ್ತ ಮೂರು ಕಡೆ ಅಕ್ಷರ. ಯಾವ ಭಾಷೆಯದೆಂದು ಅವನಿಗೆ ತಿಳಿಯಲಿಲ್ಲ. ಎರಡನೆಯ ಏಟು ಅವನು ಹೊಡೆಯಲಿಲ್ಲ.

ಕಾಮಾಕ್ಷಮ್ಮ ವಾಪಸು ಬಂದಾಗ, ಬಿಲ್ಲೆ ಹಳೆಯ ಕಾಲದ್ದಿರಬಹುದು, ಕರಗಿಸುವುದು ಬೇಡ, ಏನೆಂದು ತಿಳಿದುಕೊಂಡು ನಾನೇ ತಂದುಕೊಡುತ್ತೇನೆ ಎಂದ. ಏಟಿನ ಸುದ್ದಿ ಎತ್ತಲಿಲ್ಲ.

ಇಷ್ಟೆಲ್ಲ ಶಾಂತರಾಜುವಿಗೆ ತಿಳಿದದ್ದು ಬಹಳ ತಡವಾಗಿ. ಅವನ ಪಾಲಿಗೆ ಕತೆ ಶುರುವಾದದ್ದು ಒಂದು ಭಾನುವಾರ, ಬಸವೇಶ ಕನ್ನಡಕದ ಡಬ್ಬಿಯಿಂದ ಹತ್ತಿಯಲ್ಲಿ ಸುತ್ತಿದ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟಾಗ.

ಆನೆಯನ್ನು ನೋಡಿದವನೇ ಶಾಂತರಾಜು ಹೊಯ್ಸಳರದು ಎಂದುಬಿಟ್ಟ. ಬಸವೇಶ ವಾದ ಮಾಡಲಿಲ್ಲ. ಆಟೋ ಹಿಡಿದು ಅವನನ್ನು ಕೊರವಂಗಲಕ್ಕೆ ಕರೆದುಕೊಂಡು ಹೋದ. ಹೊಯ್ಸಳರ ಕಾಲದ ಬೂಚೇಶ್ವರನ ಗುಡಿಯ ಬಾಗಿಲ ಬಳಿಯ ಕಲ್ಲಾನೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಲ್ಲೆಯನ್ನು ಅದರ ಪಕ್ಕ ಹಿಡಿದ.

“ನೋಡ್ಲಾ ಶಾಂತ, ಒಟ್ಟೆಗೊಂದು ಪಟ್ಟಿ ಬುಟ್ರೆ ಈ ಆನೆ ಮೈಮೇಲೆ ಒಂದು ಒಡವೆ ಇಲ್ಲ. ನಮ್ಮೋರು ಒಡವೆ ಹಾಕ್ದೆ ಆನೆ ಮಾಡ್ತಾರಾ? ಮದುವೆ ಮನೆ ಹೆಣ್ಣಿಗೆ ಹಾಕ್ದಂಗೆ ಹಾಕ್ತಾರೆ.”

ಹೊಯ್ಸಳರು ಅಲ್ಲಿಗೆ ಮುಗಿದರು.

ಅಕ್ಷರಗಳಿಗೆ ಇನ್ನೆರಡು ಭಾನುವಾರ ಹಿಡಿಯಿತು. ಬಿಲ್ಲೆಯ ಮೇಲೆ ತೆಳು ಕಾಗದ ಇಟ್ಟು ಸೀಸದಕಡ್ಡಿ ಉಜ್ಜಿ ಅಚ್ಚು ತೆಗೆದರು. ಭೂತಕನ್ನಡಿ ಹಿಡಿದು ಕೂತಿದ್ದ ಬಸವೇಶ ಒಂದು ಅಕ್ಷರದ ಮೇಲೆ ಬೆರಳಿಟ್ಟು, ಇದು ನಮ್ಮ ಗಣಿತದ ಪುಸ್ತಕದಲ್ಲಿತ್ತು, ಸಿಗ್ಮಾ ಅಲ್ಲವೇ ಎಂದ. ಆ ವಿಷಯದಲ್ಲಿ ಎರಡು ಸಲ ಫೇಲಾದವನು ಅವನು. ಅದಾದ ಮೇಲೆ ಪೈ ಸಿಕ್ಕಿತು, ಡೆಲ್ಟಾ ಸಿಕ್ಕಿತು, ಒಂದರ ಪಕ್ಕ ಒಂದು ಎರಡು ಲ್ಯಾಮ್ಡಾ ಸಿಕ್ಕವು. ಗ್ರೀಕ್ ಅಕ್ಷರ. ಶಾಂತರಾಜು ತನ್ನ ಹಳೆಯ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ನಾಣ್ಯಗಳ ಪುಸ್ತಕ ತೆರೆದ. ಚೌಕ ಬೆಳ್ಳಿ, ಒಂದು ಕಡೆ ಆನೆ, ಇನ್ನೊಂದು ಕಡೆ ಹಿಣಿಲಿನ ಎತ್ತು. ಚಿತ್ರ ಎದುರಿಗೇ ಇತ್ತು. ಎರಡು ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದೆ ಗಾಂಧಾರ, ಪಂಜಾಬಿನ ಕಡೆ ಆಳಿದ ಗ್ರೀಕ್ ರಾಜ ಅಪೊಲ್ಲೊಡೋಟಸ್ ಹೊರಡಿಸಿದ ದ್ರಾಕ್ಮ ಎಂಬ ನಾಣ್ಯ. ಆನೆಯ ಸುತ್ತ ಗ್ರೀಕ್. ಎತ್ತಿನ ಸುತ್ತ ಖರೋಷ್ಠಿ, ಬಲದಿಂದ ಎಡಕ್ಕೆ ಓದುವ ಲಿಪಿ. ಅದರಲ್ಲಿ ಬರೆದದ್ದು: ಮಹಾರಾಜಸ ಅಪಲದತಸ ತ್ರತರಸ. ಕಾಪಾಡುವ ಮಹಾರಾಜ ಅಪಲದತನದು.

ಬಸವೇಶ ಆ ಸಾಲನ್ನು ಎರಡು ಸಲ ಹೇಳಿಸಿ ಕೇಳಿದ. ತ್ರಾತಾರ ಎಂದರೆ ನಮ್ಮಲ್ಲೂ ಅದೇ ಅಲ್ಲವೇ ಎಂದ.

ಯಾರೋ ಈಚೆಗೆ ಮಾಡಿದ ನಕಲು ಇರಬಹುದೇ ಎಂಬ ಸಂಶಯ ಶಾಂತರಾಜುವಿಗಿತ್ತು. ಅದನ್ನು ಬಗೆಹರಿಸಿದವನು ಬಸವೇಶ. ಗ್ರಾಂ ತಕ್ಕಡಿಯಲ್ಲಿಟ್ಟ, ಎರಡು ಗ್ರಾಂ ನಾನೂರು ಮಿಲಿ, ಪುಸ್ತಕದ ಲೆಕ್ಕಕ್ಕೆ ಸರಿಯಾಗಿತ್ತು. ಎರಕ ಹೊಯ್ದ ಬೆಳ್ಳಿಯ ಮೈಮೇಲೆ ಸೂಜಿಮೊನೆಯಂಥ ಗುಳಿಗಳಿರುತ್ತವೆ, ಇದರಲ್ಲಿ ಇಲ್ಲ. ಇದು ತಗಡು ಕತ್ತರಿಸಿ ಅಚ್ಚಿಟ್ಟು ಹೊಡೆದದ್ದು ಎಂದ. ಹೇಳುವಾಗ ಅವನ ಮುಖದಲ್ಲಿ ಗೆಲುವಿರಲಿಲ್ಲ. ಶಾಂತರಾಜು ಅದನ್ನು ಗಮನಿಸಿದ್ದ. ಗಮನಿಸಿ ಬಿಟ್ಟಿದ್ದ.

ಎತ್ತಿನ ಹಿಣಿಲಿನ ಮೇಲೆ ಚಪ್ಪಟೆಯಾದ ಒಂದು ಗಾಯವಿತ್ತು. ಆ ಕಾಲದ ವ್ಯಾಪಾರಿಗಳು ಬೆಳ್ಳಿ ಅಪ್ಪಟವೋ ಅಲ್ಲವೋ ನೋಡಲು ನಾಣ್ಯಕ್ಕೆ ಏಟು ಹಾಕುತ್ತಿದ್ದರು, ಇದು ಅಂಥ ಗುರುತು ಎಂದು ಶಾಂತರಾಜು ವಿವರಿಸಿದ. ಫೋಟೋ ಕಳಿಸಿದಾಗ ಮೈಸೂರಿನ ನಾಣ್ಯಸಂಗ್ರಾಹಕ ನಟರಾಜ ಕೂಡ ಫೋನಿನಲ್ಲಿ ಅದನ್ನೇ ಹೇಳಿದರು. ಬಸವೇಶ ಕಾಫಿ ಕುಡಿಯುತ್ತಾ ಕೇಳಿಸಿಕೊಂಡ. ಕಾಮಾಕ್ಷಮ್ಮನಿಗೆ ಬಿಲ್ಲೆಯ ಜೊತೆ ಕೊಡಲೆಂದು ಶಾಂತರಾಜು ಒಂದು ಹಾಳೆಯಲ್ಲಿ ಎಲ್ಲವನ್ನೂ ದುಂಡಗೆ ಬರೆದ. ಕೊನೆಯ ಸಾಲು: ಎತ್ತಿನ ಹಿಣಿಲಿನ ಮೇಲಿರುವುದು ಪ್ರಾಚೀನ ವರ್ತಕರ ಪರೀಕ್ಷೆಯ ಗುರುತು.

ಹಾಳೆ ಬಸವೇಶನ ಬಳಿ ಒಂದೂವರೆ ತಿಂಗಳು ಉಳಿಯಿತು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಿದ್ದ. ಶ್ರಾವಣ ಕಳೆಯಿತು, ಗಣಪತಿ ಹಬ್ಬ ಕಳೆಯಿತು. ಶಾಂತರಾಜು ಗದರಿಸಿದ. ಯಾರದೋ ಮನೆಯ ವಸ್ತು ಇಟ್ಟುಕೊಂಡು ಕೂತಿದ್ದೀಯ, ಆಸೆ ಹುಟ್ಟಿತೇನು ಎಂದು ತಮಾಷೆಗೆ ಕೇಳಿಯೂ ಬಿಟ್ಟ. ಆ ತಮಾಷೆ ಈಗ ನೆನಪಾದಾಗ ಅವನು ಕೂತಲ್ಲಿಂದ ಎದ್ದು ಇನ್ನೊಂದು ಕೋಣೆಗೆ ಹೋಗುತ್ತಾನೆ.

ಬಸವೇಶ ನಗಲಿಲ್ಲ.

“ಆ ಏಟು ಎರಡು ಸಾವ್ರ ವರ್ಷದ್ದಲ್ಲ ಕಣ್ಲಾ. ಆಷಾಢದ್ದು. ನಾನೇ ಒಡ್ದಿದ್ದು.”

ಆಮೇಲೆ ಎಲ್ಲವನ್ನೂ ಹೇಳಿದ. ವಿಭೂತಿ ಹಚ್ಚಿದ್ದು, ಬಿಲ್ಲೆ ಮಗುಚಿದ್ದು, ಕೈ ನಿಂತದ್ದು. ಮೊದಲ ದಿನವೇ ಹೇಳಬೇಕಿತ್ತು, ನೀನು ಅಷ್ಟು ಚೆನ್ನಾಗಿ ವಿವರಿಸುವಾಗ ಬಾಯಿ ಬರಲಿಲ್ಲ ಎಂದ. ಎಷ್ಟು ರಾಜರು, ಎಷ್ಟು ಕಳ್ಳರು, ಎಷ್ಟು ಅಂಗಡಿಯವರ ಕೈ ದಾಟಿ ಬಂದದ್ದು ಅದು. ಅದಕ್ಕೆ ಹೊಡೆದವನು ಬಸವನ ಹೆಸರಿಟ್ಟುಕೊಂಡ ತಾನೊಬ್ಬನೇ ಎಂದ. ಆ ಮನೆಯ ಮಕ್ಕಳು ಮರಿಗಳೆಲ್ಲ ಇನ್ನು ಈ ಹಾಳೆಯನ್ನೇ ನಂಬಿಕೊಂಡಿರುತ್ತವೆ ಎಂಬುದು ಅವನನ್ನು ತಿನ್ನುತ್ತಿತ್ತು. ಆ ಅಮ್ಮನಿಗೆ ನಿಜ ಹೇಳಬೇಕು. ಆದರೆ ಮೂವತ್ತೈದು ವರ್ಷ ಕಣ್ಣು ಮುಚ್ಚಿ ತನ್ನ ಕೈಗೆ ಬೆಳ್ಳಿ ಕೊಟ್ಟ ಊರು ಅದು. ಹೇಳಿದ ಮೇಲೆ ಅಲ್ಲಿ ಹೇಗೆ ತಲೆ ಎತ್ತುವುದು ಎಂದ.

ಶಾಂತರಾಜು ಹೇಳಬೇಡ ಎಂದ. ಆ ಅಮ್ಮ ಕರಗಿಸಲೆಂದೇ ಕೊಟ್ಟದ್ದು, ನೀನು ಉಳಿಸಿದ್ದೀಯ, ಅಷ್ಟು ಸಾಲದೇ? ತಿಳಿದವರೇ ಹಳೆಯ ಗುರುತು ಎಂದ ಮೇಲೆ ನೀನು ಯಾಕೆ ಕೆದಕುತ್ತೀಯ? ಹಾಳೆ ಹಾಗೆಯೇ ಇರಲಿ.

“ನೀನು ಬರ್ದಿದ್ದು ಎಲ್ಲಾ ಸರಿಯಾಗೈತೆ, ಶಾಂತ. ಆ ಒಂದು ಸಾಲು ಬುಟ್ಟು.”

ಗುರುವಾರ ಹೋಗುತ್ತೇನೆ, ಜೊತೆಗೆ ಬಾ ಎಂದು ಕರೆದ. ಶಾಂತರಾಜು ಮಂಡಿನೋವು ಎಂದ. ಮಂಡಿ ಅಂದು ಅಷ್ಟೇನೂ ನೋಯುತ್ತಿರಲಿಲ್ಲ.

ಹನ್ನೊಂದನೆಯ ದಿನ ಚನ್ನರಾಯಪಟ್ಟಣದ ಕಾರ್ಯ ಮುಗಿಸಿಕೊಂಡು ಅವನು ದಂಡಿಗನಹಳ್ಳಿಗೆ ಹೋದ. ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರು ಹುಡುಗಿಯರು ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಅವನು ನಿಲ್ಲದೆ ಮುಂದೆ ನಡೆದ. ಕಾಮಾಕ್ಷಮ್ಮ ಮನೆಯಲ್ಲಿದ್ದರು. ಅವನು ಯಾರೆಂದು ತಿಳಿದ ಮೇಲೆ ಒಳಗೆ ಕೂರಿಸಿ, ನೀರು ಕೊಟ್ಟು, ಕೇಳುವ ಮೊದಲೇ ಹೇಳತೊಡಗಿದರು.

ಬಸವೇಶಪ್ಪನವರು ಹತ್ತೂವರೆಗೆ ಬಂದರು. ಕಾಫಿ ಬೇಡ ಎಂದರು. ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟರು. ನನಗೆ ಓದು ಬರಲ್ಲ ಎಂದದ್ದಕ್ಕೆ ಹಾಳೆಯನ್ನು ತಾವೇ ಓದಿದರು. ಆನೆ, ಎತ್ತು, ದೂರದ ರಾಜ, ಎರಡು ಥರದ ಅಕ್ಷರ. ಕೊನೆಗೆ ಬಂದಾಗ ನಿಂತರು. ಜೇಬಿನಿಂದ ಪೆನ್ನು ತೆಗೆದು ಒಂದು ಸಾಲು ಹೊಡೆದುಹಾಕಿ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಕೆಳಗೆ ಇನ್ನೇನೋ ಬರೆದರು. ಬರೆದದ್ದನ್ನೂ ಓದಿ ಹೇಳಿದರು.

ಹಾಳೆಯನ್ನು ಕಾಮಾಕ್ಷಮ್ಮ ತಂದು ತೋರಿಸಿದರು. ಶಾಂತರಾಜುವಿನ ಕೊನೆಯ ಸಾಲಿನ ಮೇಲೆ ಗೀಟು ಇತ್ತು. ಅದರ ಕೆಳಗೆ ಬಸವೇಶನ ಅಕ್ಷರ: ಹಿಣಿಲಿನ ಮೇಲಿನ ಏಟು ನನ್ನದು. ದೇವರೆಂದು ತಿಳಿದು ಹೊಡೆದೆ. ಏನೆಂದು ತಿಳಿದ ಮೇಲೂ ಹೇಳದೆ ಇದ್ದೆ. ಚ. ಬಸವೇಶ, ಬೆಳ್ಳಿ ಅಂಗಡಿ, ಚನ್ನರಾಯಪಟ್ಟಣ.

ಕೇಳಿ ನೀವೇನಂದಿರಿ ಎಂದು ಶಾಂತರಾಜು ಕೇಳಿದ.

“ಏನನ್ಲಿ ಸಾ. ಕರಗ್ಸಿ ಅಂತ ಕೊಟ್ಟೋಳು ನಾನು. ನಾನು ಬೆಂಕಿಗಾಕಿ ಅಂದಿದ್ನ ಅವ್ರು ಒಂದೇಟಿಗೆ ನಿಲ್ಸವ್ರೆ. ಅಂಗಂದೆ. ಅವ್ರು ತಲೆ ಎತ್ಲೇ ಇಲ್ಲ. ಅದ್ಕೇ, ಇನ್ನೊಂದ್ಸತಿ ಓದಿ, ಮೊದ್ಲಿಂದ, ನಮ್ಮ ಹುಡ್ಗೀನೂ ಕೇಳ್ಲಿ ಅಂದೆ.”

ಸ್ನೇಹಲತಾ ಮಗುವನ್ನು ಎತ್ತಿಕೊಂಡು ನಡುಮನೆಗೆ ಬಂದು ಕೂತಳಂತೆ. ಬಸವೇಶ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡ. ಹಾಳೆಯನ್ನು ಬೆಳಕಿಗೆ ಹಿಡಿದು ಮೊದಲಿನಿಂದ ಓದಿದ. ಈ ಸಲ ಎಲ್ಲೂ ನಿಲ್ಲಲಿಲ್ಲ. ತಾನು ಬರೆದದ್ದನ್ನೂ, ಅದರ ಕೆಳಗಿನ ತನ್ನ ಹೆಸರನ್ನೂ, ಅಂಗಡಿಯನ್ನೂ, ಊರನ್ನೂ ಓದಿದ.