ಮೈಕಿನಲ್ಲಿ ಅತ್ತೆಯ ಹೆಸರು

ಇಂಟ್ರೊಡ್ಯೂಸ್ ಎಂಬ ಇಂಗ್ಲಿಷ್ ಕ್ರಿಯಾಪದ ನನ್ನ ಬಾಳಿಗೆ ಬಂದದ್ದು ಅರವತ್ತರ ದಶಕದ ಮೊದಲಲ್ಲಿ, ಪುತ್ತೂರಿನ ನಮ್ಮ ಹೆಂಗಸರ ಸಂಘದ ಕಾರ್ಯದರ್ಶಿಯ ಬಾಯಿಂದ. ಅವರು ವಕೀಲರ ಹೆಂಡತಿ, ಮಂಗಳೂರಿನಲ್ಲಿ ಓದಿದವರು, ಸೆರಗಿಗೆ ಪಿನ್ನು ಚುಚ್ಚುವವರು. ಈ ಸಲದ ವಾರ್ಷಿಕೋತ್ಸವಕ್ಕೆ ಮಂಗಳೂರಿನಿಂದ ಒಬ್ಬ ಡಾಕ್ಟರರ ಹೆಂಡತಿ ಮುಖ್ಯ ಅತಿಥಿಯಾಗಿ ಬರುತ್ತಾರೆ, ಅವರನ್ನು ನೀನೇ ಇಂಟ್ರೊಡ್ಯೂಸ್ ಮಾಡಬೇಕು ಎಂದು ನನಗೆ ಹೇಳಿದರು.

ಅದುವರೆಗೆ ಮೂರು ವಾರ್ಷಿಕೋತ್ಸವಗಳಲ್ಲಿ ನಾನು ಮಾಡಿದ ಕೆಲಸವೆಂದರೆ ಪಾನಕ ಕದಡುವುದು. ನನಗಿಂತ ಕಡಿಮೆ ಓದಿದವರೆಲ್ಲ ವೇದಿಕೆ ಹತ್ತುವಾಗ ನಾನು ಸೌಟು ಹಿಡಿದು ಹೊಟ್ಟೆಯುರಿಯಿಂದ ನೋಡುತ್ತಿದ್ದೆ. ಇದೊಂದು ಅವಕಾಶ, ತಪ್ಪಿದರೆ ಮತ್ತೆ ಪಾನಕದ ಕೊಪ್ಪರಿಗೆಯೇ ಗತಿ. ಅರ್ಥ ಗೊತ್ತಿಲ್ಲದಿದ್ದರೂ "ಆಯ್ತು" ಎಂದುಬಿಟ್ಟೆ.

ಅರ್ಥವನ್ನು ಆಮೇಲೆ ಕೇಳಿದೆ. ಕಾರ್ಯದರ್ಶಿ ದಪ್ಪ ಡಿಕ್ಷನರಿ ತೆಗೆದು ಓದಿದರು. ಪರಿಚಯ ಮಾಡಿಕೊಡುವುದು ಎಂದರ್ಥವಂತೆ. ಮೂಲ ಲ್ಯಾಟಿನ್ ಭಾಷೆಯದಂತೆ. ಅಲ್ಲಿ ಒಳಗೆ ಕರೆದುಕೊಂಡು ಹೋಗುವುದು ಎಂಬ ಅರ್ಥವಂತೆ. ಹಾಗಾದರೆ ಮದುವೆಯಾಗಿ ಬಂದ ದಿನ ಕೈ ಹಿಡಿದು ಹೊಸ್ತಿಲು ದಾಟಿಸಿದ ಅತ್ತೆ ನನ್ನನ್ನು ಆಗಲೇ ಇಂಟ್ರೊಡ್ಯೂಸ್ ಮಾಡಿ ಮುಗಿಸಿದ್ದರು. ನೇರ ಅಡಿಗೆಮನೆಗೆ.

ನಮ್ಮಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟು "ಯಾವ ಮನೆಯವರು?" ಎಂದು ಕೇಳಿದರೆ ಪರಿಚಯ ಮುಗಿಯಿತು. ಹೆಂಗಸರ ಹೆಸರಂತೂ ಯಾರಿಗೆ ಬೇಕು? ಹಾಗಾಗಿ ಈ ಹೊಸ ಪದ ನಾಲಗೆಗೆ ರೂಢಿಯಾಗಲೆಂದು ಬೆಳ್ಳಾರೆಯ ನಮ್ಮ ಮನೆಯಲ್ಲಿ ಎಂಟು ದಿನ ಅಭ್ಯಾಸ ನಡೆಸಿದೆ. ಉಪ್ಪಿನಕಾಯಿ ಭರಣಿಯನ್ನು ಮಜ್ಜಿಗೆ ಪಾತ್ರೆಗೆ ಇಂಟ್ರೊಡ್ಯೂಸ್ ಮಾಡಿದೆ. ಹಾಲು ಕರೆಯುವ ಹೊಸ ಬಾಲ್ದಿಯನ್ನು ದನಕ್ಕೆ ಮಾಡಿದೆ, ಅದು ಒದ್ದಿತು.

"ನಿಂಗೆ ಎಂತ ಮರ್ಲಾ?" ಎಂದರು ಅತ್ತೆ. "ಆ ಭರಣಿಯ ಗುರ್ತ ನಂಗೆ ನಲ್ವತ್ತು ವರ್ಷದಿಂದ ಉಂಟು."

ಅತ್ತೆಯದು ಒಬ್ಬ ದೇವಿಯ ಹೆಸರು. ಗಂಡನ ಹೆಸರನ್ನಾಗಲಿ ಅತ್ತೆ ಮಾವಂದಿರ ಹೆಸರನ್ನಾಗಲಿ ಸೊಸೆಯಾದವಳು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಆದ್ದರಿಂದ ಭಜನೆಯಲ್ಲಿ ಆ ದೇವಿ ಬಂದಲ್ಲೆಲ್ಲ ನಾನು ಕೆಮ್ಮುತ್ತಿದ್ದೆ. ನನಗೆ ದಮ್ಮು ಉಂಟೆಂದು ಊರಿಡೀ ಸುದ್ದಿಯಾಗಿತ್ತು.

ವಾರ್ಷಿಕೋತ್ಸವದ ದಿನ ಅತ್ತೆಯೂ ನನ್ನೊಡನೆ ಬಸ್ಸು ಹತ್ತಿ ಪುತ್ತೂರಿಗೆ ಬಂದು ಮುಂದಿನ ಸಾಲಿನಲ್ಲೇ ಕುಳಿತರು. ನಾನು ಮೈಕಿನ ಮುಂದೆ ನಿಂತೆ. ಎಂಟು ದಿನವೂ ನಾನು ಬಾಯಿಪಾಠ ಮಾಡಿದ್ದು "ಡಾಕ್ಟರರ ಹೆಂಡತಿ" ಎಂದೇ. ಅವರಿಗೂ ಒಂದು ಹೆಸರಿದ್ದೀತು ಎಂದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಕಾರ್ಯದರ್ಶಿ ಹೆಸರು ಬರೆದ ಚೀಟಿಯನ್ನು ಕೈಗಿಟ್ಟರು. ನೋಡುತ್ತೇನೆ, ಅತ್ತೆಯ ಹೆಸರೇ!

"ಇವರ ಹೆಸರು..." ಎಂದು ಕೆಮ್ಮಿದೆ. ಪುನಃ "ಇವರ ಹೆಸರು..." ಎಂದು ಇನ್ನೂ ಜೋರಾಗಿ ಕೆಮ್ಮಿದೆ. ಆ ಕೆಮ್ಮು ಬಸ್‌ಸ್ಟ್ಯಾಂಡಿನವರೆಗೂ ಕೇಳಿರಬೇಕು. "ಒಬ್ಬ ದೇವಿಯ ಹೆಸರು" ಎಂದು ತೊದಲಿದೆ. ಸಭೆಯ ಹೆಂಗಸರಿಗೆ ಎಲ್ಲಿಲ್ಲದ ಉತ್ಸಾಹ ಬಂತು. ಗೊತ್ತಿದ್ದ ದೇವಿಯರನ್ನೆಲ್ಲ ಕೂಗತೊಡಗಿದರು. ಸರಿಯಾದವಳನ್ನು ಮಾತ್ರ ಒಬ್ಬಳೂ ಕೂಗಲಿಲ್ಲ. ಗಂಟಲಿಗೆ ಒಳ್ಳೆಯದೆಂದು ಯಾರೋ ಒಂದು ಲೋಟ ಪಾನಕ ತಂದುಕೊಟ್ಟರು. ಅದನ್ನು ನೋಡಿ ನನಗೆ ಅಳುವೇ ಬಂತು.

ಆಗ ಮುಂದಿನ ಸಾಲಿನಿಂದ ಅತ್ತೆ ಎದ್ದು ನಿಂತರು.

"ನಿನ್ನ ಕೆಮ್ಮು ನಂಗೆ ಗೊತ್ತುಂಟು ಮಾರಾಯ್ತಿ! ನನ್ನ ಹೆಸರೇ ಅಲ್ವಾ? ಹೇಳು, ನಾನೆಂತ ಸಾಯುದಿಲ್ಲ."

ಕಣ್ಣು ಮುಚ್ಚಿ ಹೇಳಿಯೇಬಿಟ್ಟೆ. ಚಪ್ಪಾಳೆ ಬಿತ್ತು. ಡಾಕ್ಟರರ ಹೆಂಡತಿ ಎದ್ದು ಕೈಮುಗಿದರು. ಅತ್ತೆಯೂ ಹಿಂದೆ ತಿರುಗಿ ಸಭೆಗೆಲ್ಲ ಕೈಮುಗಿದರು.

ಹಿಂತಿರುಗುವಾಗ ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ ಕಿಟಕಿಯಾಚೆಗೇ ನೋಡುತ್ತಿದ್ದರು. ಸಿಟ್ಟು ಬಂದಿರಬೇಕೆಂದು ನಾನು ಹೆದರಿ ಕುಳಿತಿದ್ದೆ. ಮನೆಯ ಅಂಗಳಕ್ಕೆ ಬಂದ ಮೇಲೆ ಅವರು ನಿಂತರು.

"ಅಪ್ಪ ಹೋದ ಮೇಲೆ ಆ ಹೆಸರಲ್ಲಿ ನನ್ನನ್ನು ಯಾರೂ ಕರೆದದ್ದಿಲ್ಲ," ಎಂದರು. "ಇನ್ನೊಮ್ಮೆ ಹೇಳು, ನೋಡುವ."

ಮೆಲ್ಲಗೆ ಹೇಳಿದೆ.

"ಹಾಗಲ್ಲ. ಮೈಕಿನಲ್ಲಿ ಹೇಳಿದ ಹಾಗೆ."

ಗಂಟಲು ಹರಿಯುವಂತೆ ಕೂಗಿದೆ. ಒಳಗಿದ್ದ ಮಾವ ಜಗಲಿಗೆ ಬಂದರು. ನಲವತ್ತು ವರ್ಷ ಹೆಂಡತಿಯನ್ನು "ಏ, ಕೇಳಿತಾ" ಎಂದೇ ಕರೆದವರು. ಕಣ್ಣಿಗೆ ಕೈ ಅಡ್ಡ ಹಿಡಿದು ಅಂಗಳವಿಡೀ ನೋಡಿದರು.

"ಯಾರು ಬಂದದ್ದು? ಯಾವ ಮನೆಯವರು?"

ಅತ್ತೆಯ ಮುಖ ನೋಡಿದೆ. ನಗು ಬರಬೇಕಿತ್ತು, ಸಂಕಟವಾಯಿತು. ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಮಾವನ ಎದುರು ನಿಲ್ಲಿಸಿ, ಇಂಟ್ರೊಡ್ಯೂಸ್ ಮಾಡಿದೆ.